ನಮ್ಮ ಅಗರಖೇಡದ ಶ್ರೀರಂಗರು

ವಿಜಯಪುರ ಜಿಲ್ಲೆಯ ಹೆಸರು ಎತ್ತಿದರೆ ಬಸವನ ಬಾಗೇವಾಡಿಯ ಬಸವಣ್ಣನವರು, ಹಲಸಂಗಿಯ ಮಧುರಚೆನ್ನರು ಥಟ್ಟನೆ ನೆನಪಾಗುತ್ತಾರೆ. ಇಂಡಿ ತಾಲೂಕಿನ ಅಗರಖೇಡದ ಶ್ರೀರಂಗರನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಕನ್ನಡ ನಾಡೆಲ್ಲ ಬಲ್ಲ ನಾಟಕಕಾರ ಹುಟ್ಟೂರಿನ ಸುತ್ತಲೇ ಅಪರಿಚಿತನಾಗಿರುವುದು ವಿಚಿತ್ರ. ಶಾಲೆಯ ಸುವರ್ಣ ಮಹೋತ್ಸವದ ಈ ಸಂಚಿಕೆಗೆ ಅವರ ಬಗ್ಗೆಯೇ ಬರೆಯಬೇಕೆನಿಸಿತು.

ಅವರು ಹುಟ್ಟಿದ್ದು 1904ರ ಸೆಪ್ಟೆಂಬರ್ 26ರಂದು. ಮನೆತನದ ಹೆಸರು ಜಾಗೀರದಾರ. ರಂಗಾಚಾರ್ಯ ಜಾಗೀರದಾರರು ಮುಂದೆ ಆದ್ಯ ರಂಗಾಚಾರ್ಯರಾದರು, ಬರವಣಿಗೆಗೆ ‘ಶ್ರೀರಂಗ’ ಎಂಬ ಹೆಸರು ಇಟ್ಟುಕೊಂಡರು. ವೈದಿಕ ಸಂಪ್ರದಾಯದ ಮನೆತನ. ಪುಣೆಯ ಡೆಕ್ಕನ್ ಕಾಲೇಜು, ಅಲ್ಲಿಂದ ಲಂಡನ್ನು. ಭೀಮಾ ತೀರದ ಹುಡುಗ 1920ರ ದಶಕದಲ್ಲಿ ಹಡಗು ಹತ್ತಿ ವಿಲಾಯತಿಗೆ ಓದಲು ಹೋದದ್ದು ಸಣ್ಣ ಮಾತಲ್ಲ. 1928ರಲ್ಲಿ ಮರಳಿ ಬಂದು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಸಂಸ್ಕೃತದ ಪ್ರಾಧ್ಯಾಪಕರಾದರು. 1948ರವರೆಗೂ, ಅಂದರೆ ಇಪ್ಪತ್ತು ವರ್ಷ, ಅಲ್ಲಿ ಪಾಠ ಹೇಳಿದರು.

ಆಗ ನಮ್ಮ ಕಡೆ ನಾಟಕವೆಂದರೆ ಕಂಪನಿ ನಾಟಕ. ಗರುಡ ಸದಾಶಿವರಾಯರು, ವಾಮನರಾಯರು ಮೊದಲಾದವರ ಕಂಪನಿಗಳು ಊರೂರಿಗೆ ಬರುತ್ತಿದ್ದವು. ಬಣ್ಣದ ಪರದೆಗಳು, ಕಾಲ್ಪೆಟ್ಟಿಗೆ, ರಾತ್ರಿಯಿಡೀ ಹಾಡು, ಬಹುಪಾಲು ಪೌರಾಣಿಕ ಕಥೆ. ಸರಕಾರದ ಕಣ್ಣು ಅದರ ಮೇಲೂ ಇತ್ತು. 1876ರ ನಾಟಕ ಪ್ರದರ್ಶನ ಕಾಯಿದೆಯ ಪ್ರಕಾರ ರಾಜದ್ರೋಹವೆನಿಸಿದ ಆಟವನ್ನು ನಿಲ್ಲಿಸಬಹುದಿತ್ತು. ನಾವೂ ಸೇರಿದ್ದ ಮುಂಬಯಿ ಪ್ರಾಂತದಲ್ಲಿ ಖಾಡಿಲ್ಕರರ ಮರಾಠಿ ‘ಕೀಚಕವಧ’ ನಾಟಕ 1910ರಲ್ಲಿ ನಿಷೇಧವಾಯಿತು. ಕೀಚಕನಲ್ಲಿ ಜನ ವೈಸರಾಯ್ ಕರ್ಜನ್‌ನನ್ನು ಕಂಡಿದ್ದರು. ರಾಜಕೀಯ ಹೇಳಬೇಕಾದವರು ಹೀಗೆ ಪುರಾಣದ ಮರೆಯಲ್ಲಿ ನಿಂತು ಹೇಳುತ್ತಿದ್ದರು.

ಶ್ರೀರಂಗರು ಬೇರೆ ದಾರಿ ಹಿಡಿದರು. ಅವರ ರಂಗದ ಮೇಲೆ ಬಂದವರು ನಮ್ಮ ನಿಮ್ಮ ಮನೆಯವರು, ಆಡಿದ್ದು ಮನೆಯ ಮಾತು. ನಮ್ಮ ಜಾತ್ರೆಯ ನಾಟಕಗಳಲ್ಲಿ ಹಾಸ್ಯಗಾರ ನಡುನಡುವೆ ಬಂದು ಗೌಡನನ್ನೂ ಕುಲಕರ್ಣಿಯನ್ನೂ ಕುಟುಕಿ ಹೋಗುತ್ತಾನಲ್ಲ, ಆ ಕುಟುಕು ಮಾತೇ ಇವರಲ್ಲಿ ನಾಟಕದ ಜೀವವಾಯಿತು. ಮೊದಲು ಕುಟುಕಿದ್ದು ದೂರದ ದೊರೆಯನ್ನಲ್ಲ, ತಮ್ಮವರನ್ನೇ.

1934ರ ‘ಹರಿಜನ್ವಾರ’ ನಾಟಕವನ್ನೇ ನೋಡಿ. ಗಾಂಧೀಜಿ ಹರಿಜನೋದ್ಧಾರಕ್ಕಾಗಿ ದೇಶ ಸುತ್ತುತ್ತಿದ್ದ ಕಾಲ. ಹೆಸರನ್ನು ಒಂದೇ ಉಸಿರಿನಲ್ಲಿ ಹೇಳಿದರೆ ಹರಿಜನರೂ ಕೇಳಿಸುತ್ತಾರೆ, ಜನಿವಾರ ಹರಿ ಎಂಬ ಮಾತೂ ಕೇಳಿಸುತ್ತದೆ. ಅಸ್ಪೃಶ್ಯತೆಯ ವಿಷಯದಲ್ಲಿ ಮೇಲ್ಜಾತಿಯವರು ಆಡುವ ಮಾತಿಗೂ ನಡೆಯುವ ರೀತಿಗೂ ಇದ್ದ ಅಂತರವನ್ನು ಅದರಲ್ಲಿ ಗೇಲಿ ಮಾಡಿದರು. ಬರೆದವರು ಜಾಗೀರದಾರ ಮನೆತನದ ಬ್ರಾಹ್ಮಣ, ಸಂಸ್ಕೃತದ ಪ್ರಾಧ್ಯಾಪಕ. ಶಾಸ್ತ್ರ ಗೊತ್ತಿಲ್ಲದವನ ಮಾತು ಎಂದು ತಳ್ಳಿಹಾಕುವಂತಿರಲಿಲ್ಲ. ಅಂದಿನ ಧಾರವಾಡದಲ್ಲಿ, ನೆಂಟರಿಷ್ಟರ ನಡುವೆ ಬದುಕುತ್ತ ಇಂಥದ್ದನ್ನು ಬರೆಯಲು ಎಷ್ಟು ಎದೆಗಾರಿಕೆ ಬೇಕಿತ್ತೆಂಬುದನ್ನು ಹಳ್ಳಿಯಲ್ಲಿ ಬೆಳೆದ ನಮಗೆ ಯಾರೂ ವಿವರಿಸಬೇಕಿಲ್ಲ.

ಸ್ವಾತಂತ್ರ್ಯ ಬಂತು. ಎಷ್ಟೋ ಜನ ಲೇಖಕರು ಹೊಸ ಸರಕಾರದ ಮೇಲೆ ಭರವಸೆಯಿಟ್ಟು ಸುಮ್ಮನಿದ್ದ ಹೊತ್ತಿನಲ್ಲಿ, 1952ರಲ್ಲಿ, ಶ್ರೀರಂಗರ ‘ಶೋಕಚಕ್ರ’ ಬಂತು. ಬಾವುಟದ ಅಶೋಕಚಕ್ರದಿಂದ ಒಂದು ಅಕ್ಷರ ತೆಗೆದರು, ಅಷ್ಟೇ. ದೇಶಕ್ಕಾಗಿ ಜೈಲಿಗೆ ಹೋಗಿ ಬಂದವರ ತ್ಯಾಗ ಹೇಗೆ ಕುರ್ಚಿಯ ಬಂಡವಾಳವಾಯಿತೆಂಬುದು ಅದರ ವಸ್ತು. ಅದೇ ವರ್ಷ ದೇಶದ ಮೊದಲ ಸಾರ್ವತ್ರಿಕ ಚುನಾವಣೆ ಮುಗಿದಿತ್ತು. ಪರಕೀಯರನ್ನು ಬೈದರೆ ಚಪ್ಪಾಳೆ ಸಿಗುತ್ತದೆ. ಖಾದಿ ತೊಟ್ಟ ನಮ್ಮವರನ್ನೇ, ಅದೂ ಅಷ್ಟು ಬೇಗ, ಪ್ರಶ್ನಿಸುವುದು ಕಷ್ಟ. ನನ್ನ ಮಟ್ಟಿಗೆ ಅವರ ದೊಡ್ಡತನ ಇಲ್ಲೇ ಇದೆ. ಆಮೇಲಿನ ‘ಕೇಳು ಜನಮೇಜಯ’ ಹೆಸರಿನಲ್ಲಿ ಮಾತ್ರ ಭಾರತದ ಕಥೆ, ಒಳಗೆಲ್ಲ ನಮ್ಮ ಕಾಲದ ಆಳುವವರು ಮತ್ತು ಆಳಿಸಿಕೊಳ್ಳುವವರು. ಅದು ಹಿಂದಿಗೂ ಹೋಗಿ ದೆಹಲಿಯಲ್ಲಿ ರಂಗವೇರಿತು.

ಅವರ ನಾಟಕಗಳಲ್ಲಿ ಮಾತು ಜಾಸ್ತಿ ಎಂಬ ಆಕ್ಷೇಪ ಇದ್ದೇ ಇದೆ. ಓದುವಾಗ ಕೆಲವು ಕಡೆ ನನಗೂ ಹಾಗೆ ಅನಿಸಿದೆ. ಆದರೆ ಕಂಪನಿಯ ವೈಭವ ಬೇಡವೆಂದ ಮೇಲೆ ಮಾತೇ ಎಲ್ಲವನ್ನೂ ಹೊರಬೇಕಿತ್ತು. ಇದರಿಂದ ಇನ್ನೊಂದು ಲಾಭವಾಯಿತು. ದುಡ್ಡಿಲ್ಲದ ಹವ್ಯಾಸಿಗಳು, ಕಾಲೇಜಿನ ಹುಡುಗರು ಕೂಡ ನಾಟಕ ಆಡುವಂತಾಯಿತು. 40ಕ್ಕೂ ಹೆಚ್ಚು ದೊಡ್ಡ ನಾಟಕ, ಅದಕ್ಕಿಂತ ಹೆಚ್ಚು ಏಕಾಂಕ ಬರೆದರು. ಕಾದಂಬರಿ, ಪ್ರಬಂಧಗಳು ಬೇರೆ. ಭರತನ ನಾಟ್ಯಶಾಸ್ತ್ರವನ್ನು ಕನ್ನಡಕ್ಕೆ ತಂದವರೂ ಅವರೇ.

1956ರ ರಾಯಚೂರು ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ, ‘ಕಾಳಿದಾಸ’ ಕೃತಿಗೆ 1971ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ, 1972ರಲ್ಲಿ ಪದ್ಮಭೂಷಣ ಅವರಿಗೆ ಬಂದವು. 1984ರಲ್ಲಿ ತೀರಿಕೊಂಡರು. ಇಂಗ್ಲಿಷ್ ಕಾದಂಬರಿಗಾರ್ತಿ ಶಶಿ ದೇಶಪಾಂಡೆ ಅವರ ಮಗಳು. ಬೆಂಗಳೂರಿನ ನನ್ನ ಕಚೇರಿಯಲ್ಲಿ ಅವರ ಕಾದಂಬರಿ ಓದಿದವರಿದ್ದಾರೆ. ಅವರ ತಂದೆ ನಮ್ಮ ಇಂಡಿ ತಾಲೂಕಿನವರೆಂದರೆ ಹುಬ್ಬೇರಿಸುತ್ತಾರೆ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳ ಶಾಲೆಗಳ ಗುರುಗಳಲ್ಲಿ, ಗುರುಮಾತೆಯರಲ್ಲಿ ಒಂದು ವಿನಂತಿ. ಮುಂದಿನ ಸ್ನೇಹ ಸಮ್ಮೇಳನಕ್ಕೆ ಸಿನಿಮಾ ಹಾಡಿನ ಕುಣಿತಗಳ ನಡುವೆ ಶ್ರೀರಂಗರ ಒಂದು ಏಕಾಂಕಕ್ಕೆ ಅರ್ಧ ಗಂಟೆ ಕೊಡಿ. ಖರ್ಚು ಹೆಚ್ಚಿಲ್ಲ, ಒಂದು ಟೇಬಲ್ಲು, ನಾಲ್ಕು ಕುರ್ಚಿ ಇದ್ದರೆ ಆಯಿತು. ಊರಿನ ಹಿರಿಯರನ್ನು ಮುಂದಿನ ಸಾಲಿನಲ್ಲೇ ಕೂಡಿಸಿ.