ನಾಡಿಗಿಂತ ಮೊದಲೇ ನಾಡಿನ ಹೆಸರು ಹೊತ್ತ ಅಮೀರಬಾಯಿ ಕರ್ನಾಟಕಿ

ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಅಧಿಕೃತವಾಗಿ ದೊರೆತದ್ದು 1973ರ ನವೆಂಬರ್ 1ರಂದು. ಆದರೆ ಅದಕ್ಕೂ ಮೂರು ದಶಕಗಳ ಹಿಂದೆಯೇ ಆ ಹೆಸರು ಒಬ್ಬ ಗಾಯಕಿಯ ಹೆಸರಿನ ಜೊತೆ ಸೇರಿ ದೇಶದ ಉದ್ದಗಲಕ್ಕೂ ಸಂಚರಿಸಿತ್ತು. ಕನ್ನಡದ ಗಂಧವೇ ಇಲ್ಲದ ಊರುಗಳಲ್ಲೂ ಜನ ಆ ಹೆಸರನ್ನು ಗುರುತಿಸುತ್ತಿದ್ದರು. ಆ ಗಾಯಕಿ ಅಮೀರಬಾಯಿ ಕರ್ನಾಟಕಿ. ಹಿಂದಿ ಚಿತ್ರರಂಗದ ಹಿನ್ನೆಲೆ ಗಾಯನದ ಮೊದಲ ಸಾಲಿನಲ್ಲಿ ನಿಂತ ಈ ಕಲಾವಿದೆಯನ್ನು ಅವರ ತವರು ನಾಡು ನೆನೆಯಲು ಮಾತ್ರ ಬಹುಕಾಲ ಬೇಕಾಯಿತು.

ಅಮೀರಬಾಯಿ ಹುಟ್ಟಿದ್ದು ಬೀಳಗಿಯಲ್ಲಿ, ಕಳೆದ ಶತಮಾನದ ಆರಂಭದ ವರ್ಷಗಳಲ್ಲಿ. ಈಗ ಬಾಗಲಕೋಟೆ ಜಿಲ್ಲೆಯ ತಾಲ್ಲೂಕು ಕೇಂದ್ರವಾಗಿರುವ ಬೀಳಗಿ ಅಂದು ಬಿಜಾಪುರ ಜಿಲ್ಲೆಗೆ, ಆ ಮೂಲಕ ಬ್ರಿಟಿಷರ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಕನ್ನಡ ಕಂಪನಿ ನಾಟಕ, ಮರಾಠಿ ಸಂಗೀತ ನಾಟಕ ಹಾಗೂ ಹಿಂದೂಸ್ತಾನಿ ಗಾಯನ ಮೂರೂ ಬೆರೆತು ಬೆಳೆದ ಸೀಮೆ ಅದು. ಅಮೀರಬಾಯಿ ಅವರ ಕುಟುಂಬಕ್ಕೂ ಸಂಗೀತ ಮತ್ತು ರಂಗಭೂಮಿಯ ನಂಟಿತ್ತು. ಹಾಡು ಅವರಿಗೆ ಮನೆಯಲ್ಲಿಯೇ ಒಲಿದ ವಿದ್ಯೆ.

ಅಕ್ಕ ಗೌಹರಬಾಯಿ ಕೂಡ ನಟಿ, ಗಾಯಕಿ. ಮುಂಬಯಿಯ ದಾರಿಯನ್ನು ಮೊದಲು ಹಿಡಿದವರು ಅವರೇ. ಮುಂದೆ ಮರಾಠಿ ರಂಗಭೂಮಿಯ ದಂತಕಥೆ ಬಾಲಗಂಧರ್ವರ ನಾಟಕ ಕಂಪನಿ ಸೇರಿದ ಗೌಹರಬಾಯಿ, ಅವರ ಬಾಳಸಂಗಾತಿಯೂ ಆದರು. ಈ ಸಂಬಂಧ ಮಹಾರಾಷ್ಟ್ರದ ರಸಿಕ ವಲಯದಲ್ಲಿ ದೊಡ್ಡ ಬಿರುಗಾಳಿಯನ್ನೇ ಎಬ್ಬಿಸಿತು. ಹುಟ್ಟೂರಿನ ಸೀಮೆಯನ್ನು ಸೂಚಿಸುವ ‘ಕರ್ನಾಟಕಿ’ ಎಂಬ ಹೆಸರು ಸೋದರಿಯರಿಬ್ಬರಿಗೂ ಅಂಟಿಕೊಂಡಿತು.

ಎರಡು ಆರಂಭಗಳ ವರ್ಷ

ಹದಿಹರೆಯದಲ್ಲೇ ಮುಂಬಯಿ ಸೇರಿದ ಅಮೀರಬಾಯಿ ಅವರಿಗೆ ಚಿತ್ರರಂಗದ ಬಾಗಿಲು ತೆರೆದದ್ದು ಅಕ್ಕನ ನೆರವಿನಿಂದ. 1934ರಲ್ಲಿ ತೆರೆಕಂಡ ‘ವಿಷ್ಣುಭಕ್ತಿ’ಯಲ್ಲಿ ಅವರು ಪಾತ್ರ ವಹಿಸಿದರು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ ಬೆಂಗಳೂರಿನಲ್ಲಿ ತೆರೆಕಂಡದ್ದೂ ಅದೇ ವರ್ಷದ ಮಾರ್ಚ್ 3ರಂದು. ಆ ಚಿತ್ರದ ಚಿತ್ರೀಕರಣವೂ ನಡೆದದ್ದು ಕೊಲ್ಹಾಪುರದಲ್ಲಿ. ಸಿನಿಮಾವನ್ನೇ ಬದುಕಾಗಿಸಿಕೊಳ್ಳಲು ಬಯಸಿದ ಬೀಳಗಿಯ ಹುಡುಗಿಗೆ ಮುಂಬಯಿ ಬಿಟ್ಟರೆ ಬೇರೆ ದಾರಿ ಇರಲಿಲ್ಲ.

ಅಂದಿನ ಚಿತ್ರಗಳಲ್ಲಿ ನಟಿಸುವವರೇ ಹಾಡಲೂಬೇಕಿತ್ತು. ಅಮೀರಬಾಯಿ ಎರಡನ್ನೂ ಬಲ್ಲವರಾಗಿದ್ದರು. ಆದರೂ ಮೊದಲ ಕೆಲವು ವರ್ಷಗಳು ಅವರಿಗೆ ಹೇಳಿಕೊಳ್ಳುವಂಥ ಯಶಸ್ಸು ತರಲಿಲ್ಲ. 1940ರಲ್ಲಿ ವಿಜಯ್ ಭಟ್ ನಿರ್ದೇಶನದ ‘ನರಸಿ ಭಗತ್’ ಚಿತ್ರದಲ್ಲಿ ವಿಷ್ಣುಪಂತ್ ಪಾಗ್ನೀಸ್, ದುರ್ಗಾ ಖೋಟೆ ಅವರೊಂದಿಗೆ ಕಾಣಿಸಿಕೊಂಡರು. ಸಂತ ನರಸಿಂಹ ಮೆಹ್ತಾ ಅವರ ಪ್ರಸಿದ್ಧ ಭಜನೆಯನ್ನು ಅವರು ಹಾಡಿದ ರೀತಿ ಮಹಾತ್ಮ ಗಾಂಧೀಜಿಯವರ ಮೆಚ್ಚುಗೆ ಗಳಿಸಿತ್ತೆಂಬುದು ಅವರ ಬದುಕಿನ ಕುರಿತು ಮತ್ತೆ ಮತ್ತೆ ಹೇಳಲಾಗುವ ಮಾತು.

‘ಕಿಸ್ಮತ್’ ತಂದ ಅದೃಷ್ಟ

1935ರ ‘ಧೂಪ್ ಛಾಂವ್’ ಚಿತ್ರದೊಂದಿಗೆ ಹಿನ್ನೆಲೆ ಗಾಯನ ಪದ್ಧತಿ ಹಿಂದಿ ಚಿತ್ರರಂಗಕ್ಕೆ ಕಾಲಿಟ್ಟಿತ್ತು. ಮುಖ ಒಬ್ಬರದು, ದನಿ ಇನ್ನೊಬ್ಬರದು ಎಂಬ ಈ ಹೊಸ ಏರ್ಪಾಡೇ ಅಮೀರಬಾಯಿ ಅವರ ಭಾಗ್ಯದ ಬಾಗಿಲು ತೆರೆಯಿತು. 1943ರಲ್ಲಿ ಬಾಂಬೆ ಟಾಕೀಸ್ ಸಂಸ್ಥೆ ‘ಕಿಸ್ಮತ್’ ಚಿತ್ರವನ್ನು ತೆರೆಗೆ ತಂದಿತು. ಜ್ಞಾನ್ ಮುಖರ್ಜಿ ನಿರ್ದೇಶನ, ಅನಿಲ್ ಬಿಸ್ವಾಸ್ ಸಂಗೀತ, ಅಶೋಕ್ ಕುಮಾರ್ ನಾಯಕ. ನಾಯಕಿ ಮುಮ್ತಾಜ್ ಶಾಂತಿ ತುಟಿ ಆಡಿಸಿದ ಹಾಡುಗಳಿಗೆ ಜೀವ ತುಂಬಿದ್ದು ಅಮೀರಬಾಯಿ ಅವರ ದನಿ.

ಚಿತ್ರ ಕಲ್ಕತ್ತೆಯ ರಾಕ್ಸಿ ಚಿತ್ರಮಂದಿರವೊಂದರಲ್ಲೇ ಮೂರು ವರ್ಷಕ್ಕೂ ಹೆಚ್ಚು ಕಾಲ ಓಡಿತು. ಕ್ವಿಟ್ ಇಂಡಿಯಾ ಚಳವಳಿಯ ಕಾವು ಇನ್ನೂ ಆರಿರದ ದಿನಗಳವು. ಕವಿ ಪ್ರದೀಪ್ ಬರೆದ, ಪರಕೀಯರಿಗೆ ಎಚ್ಚರಿಕೆ ನೀಡುವ ಗೀತೆಯೊಂದು ಚಿತ್ರದಲ್ಲಿತ್ತು. ಜರ್ಮನಿ ಮತ್ತು ಜಪಾನ್‌ಗಳ ಹೆಸರನ್ನು ಮುಂದಿಟ್ಟುಕೊಂಡಿದ್ದ ಆ ಹಾಡು ಬ್ರಿಟಿಷ್ ಸೆನ್ಸಾರ್‌ನ ಕಣ್ಣು ತಪ್ಪಿಸಿ ಬಂದಿತ್ತು. ಆದರೆ ಅದು ಯಾರನ್ನು ಕುರಿತದ್ದೆಂದು ಪ್ರೇಕ್ಷಕರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಖಾನ್ ಮಸ್ತಾನ ಮತ್ತು ವೃಂದದೊಂದಿಗೆ ಆ ಗೀತೆಯನ್ನು ಹಾಡಿದವರೂ ಅಮೀರಬಾಯಿಯೇ.

ಮರುವರ್ಷವೇ ನೌಷಾದ್ ಸಂಗೀತದ ‘ರತನ್’, ಖೇಮಚಂದ್ ಪ್ರಕಾಶ್ ಸಂಗೀತದ ‘ಭರ್ತೃಹರಿ’ ಚಿತ್ರಗಳ ಹಾಡುಗಳು ಜನಪ್ರಿಯವಾದವು. ವಿರಹದ ಗೀತೆಗಳಲ್ಲಿ ಅವರ ತುಂಬುಕಂಠಕ್ಕೆ ಸಾಟಿ ವಿರಳ ಎಂಬಂತಾಯಿತು. ಜೋಹ್ರಾಬಾಯಿ ಅಂಬಾಲೆವಾಲಿ ಮತ್ತು ಅಮೀರಬಾಯಿ ಆ ದಶಕದ ಬೇಡಿಕೆಯ ದನಿಗಳಾದರು. ಹಿಂದಿಯಲ್ಲದೆ ಗುಜರಾತಿ ಚಿತ್ರಗಳಿಗೂ ಅಮೀರಬಾಯಿ ಹಾಡಿದರು. 1948ರಲ್ಲಿ ‘ಶಹನಾಜ್’ ಚಿತ್ರಕ್ಕೆ ಸಂಗೀತವನ್ನೂ ಸಂಯೋಜಿಸಿದರು. ಜದ್ದನ್ ಬಾಯಿ, ಸರಸ್ವತಿ ದೇವಿ ಅವರಂಥ ಬೆರಳೆಣಿಕೆಯ ಮಹಿಳೆಯರಷ್ಟೇ ತುಳಿದಿದ್ದ ದಾರಿ ಅದು.

ಬದಲಾದ ಗಾಳಿ

ಹೊರಗೆ ಕೀರ್ತಿ ಬೆಳೆಯುತ್ತಿದ್ದರೂ ಮನೆಯೊಳಗೆ ನೆಮ್ಮದಿ ಇರಲಿಲ್ಲ. ಖಳಪಾತ್ರಗಳಿಗೆ ಹೆಸರಾಗಿದ್ದ ನಟ ಹಿಮಾಲಯವಾಲಾ ಅವರೊಂದಿಗಿನ ಮದುವೆ ಅಮೀರಬಾಯಿ ಅವರಿಗೆ ನೋವನ್ನೇ ತಂದಿತು. ದಾಂಪತ್ಯ ವಿಚ್ಛೇದನದಲ್ಲಿ ಕೊನೆಗೊಂಡಿತು. ದೇಶ ವಿಭಜನೆಯಾದ ಮೇಲೆ ಹಿಮಾಲಯವಾಲಾ ಪಾಕಿಸ್ತಾನಕ್ಕೆ ತೆರಳಿ ಅಲ್ಲಿನ ಚಿತ್ರಗಳಲ್ಲಿ ನಟರಾದರು. ಭಾರತದಲ್ಲೇ ಉಳಿದ ಅಮೀರಬಾಯಿ ಮುಂದೆ ಪತ್ರಕರ್ತ ಬದ್ರಿ ಕಾಂಚವಾಲಾ ಅವರನ್ನು ವಿವಾಹವಾದರು.

ಅಷ್ಟರಲ್ಲಿ ಚಿತ್ರಸಂಗೀತದ ಅಭಿರುಚಿಯೇ ಬದಲಾಗತೊಡಗಿತ್ತು. 1949ರ ‘ಮಹಲ್’ ಚಿತ್ರದ ಹೊತ್ತಿಗೆ ಲತಾ ಮಂಗೇಶ್ಕರ್ ಅವರ ತೆಳುವಾದ, ಎತ್ತರದ ಸ್ಥಾಯಿಯ ಕಂಠ ಕೇಳುಗರನ್ನು ಸೂರೆಗೊಂಡಿತು. ಬೈಠಕ್ ಮತ್ತು ರಂಗಮಂಚದಲ್ಲಿ ಪಳಗಿದ ಭಾರವಾದ ದನಿಗಳು ಹಳೆಯವು ಎನಿಸತೊಡಗಿದವು. 1950ರ ‘ಸಮಾಧಿ’ ಚಿತ್ರಕ್ಕಾಗಿ ಸಿ. ರಾಮಚಂದ್ರ ಸಂಯೋಜಿಸಿದ ಪಾಶ್ಚಾತ್ಯ ಧಾಟಿಯ ಹಾಡಿನಲ್ಲಿ ಲತಾ ಮತ್ತು ಅಮೀರಬಾಯಿ ಜೊತೆಯಾಗಿ ಹಾಡಿದ್ದಾರೆ. ಬರುತ್ತಿರುವ ಕಾಲವೂ ಹೋಗುತ್ತಿರುವ ಕಾಲವೂ ಒಂದೇ ಹಾಡಿನಲ್ಲಿ ದಾಖಲಾದ ಅಪರೂಪದ ಗೀತೆ ಅದು. ಮುಖ ಮತ್ತು ದನಿಯನ್ನು ಬೇರ್ಪಡಿಸಿ ಅಮೀರಬಾಯಿ ಅವರನ್ನು ಮೇಲಕ್ಕೇರಿಸಿದ ಪದ್ಧತಿಯೇ ಈಗ ಅವರ ಜಾಗದಲ್ಲಿ ಇನ್ನೊಂದು ದನಿಯನ್ನು ತಂದು ಕೂರಿಸಿತು. ಅವರು ಮತ್ತೆ ನಟನೆಯತ್ತ ಹೊರಳಿ ಪೋಷಕ ಪಾತ್ರಗಳಲ್ಲಿ ತೊಡಗಿಕೊಂಡರು.

ಪಾರ್ಶ್ವವಾಯುವಿಗೆ ತುತ್ತಾದ ಅಮೀರಬಾಯಿ 1965ರ ಮಾರ್ಚ್ 3ರಂದು ನಿಧನರಾದರು. ‘ಸತಿ ಸುಲೋಚನಾ’ ತೆರೆಕಂಡು ಅಂದಿಗೆ ಸರಿಯಾಗಿ 31 ವರ್ಷ. ಬಿಜಾಪುರದ ಮಣ್ಣಿನಲ್ಲೇ ಅವರ ಅಂತ್ಯಕ್ರಿಯೆ ನಡೆಯಿತು. ಆ ಊರಿನ ಅಮೀರ್ ಟಾಕೀಸ್ ಚಿತ್ರಮಂದಿರ ಅವರ ಹೆಸರನ್ನು ಹೊತ್ತು ನಿಂತಿತ್ತು.

1956ರಲ್ಲಿ ಅವರ ಬೀಳಗಿ ಏಕೀಕೃತ ರಾಜ್ಯದ ಭಾಗವಾದುದನ್ನು ಅಮೀರಬಾಯಿ ಕಂಡರು. ಆ ರಾಜ್ಯಕ್ಕೆ ತಮ್ಮ ಹೆಸರಿನಲ್ಲೇ ಇದ್ದ ಪದವನ್ನು ಇಟ್ಟದ್ದನ್ನು ಕಾಣಲು ಉಳಿಯಲಿಲ್ಲ. ಮುಂಬಯಿಯವರಿಗೆ ಹೊರನಾಡಿನವರಾಗಿ, ಬೆಂಗಳೂರಿಗೆ ಹಿಂದಿಯವರಾಗಿ ಕಂಡ ಅವರು ಎರಡೂ ಕಡೆಯ ಚರಿತ್ರೆಯ ಅಂಚಿನಲ್ಲೇ ಉಳಿದರು. ತೀರಿಕೊಂಡ ದಶಕಗಳ ನಂತರ ಲೇಖಕ ರಹಮತ್ ತರೀಕೆರೆ ಅವರ ಬದುಕನ್ನು ಹುಡುಕಿ ಕನ್ನಡದಲ್ಲಿ ಪುಸ್ತಕವಾಗಿಸಿದಾಗ ಆ ಕೊರತೆ ಒಂದಿಷ್ಟು ತುಂಬಿತು. ಹಳೆಯ ಹಿಂದಿ ಗೀತೆಗಳ ಸಂಗ್ರಹಗಳಲ್ಲಿ ಅವರ ದನಿ ಈಗಲೂ ಕೇಳಸಿಗುತ್ತದೆ, ಪಕ್ಕದಲ್ಲಿ ಕರ್ನಾಟಕದ ಹೆಸರಿನೊಂದಿಗೆ.