ಅಕ್ಷರವಾಗಿ ಉಳಿದ ಬಾಸ್ಕರ್‌ವಿಲ್

ಕಂಪ್ಯೂಟರ್ ಲ್ಯಾಬಿನಲ್ಲಿ ಫಾಂಟ್‌ಗಳ ಪಟ್ಟಿ ನೋಡುವಾಗ ಆ ಹೆಸರುಗಳ ಬಗ್ಗೆ ನನಗೆ ಯಾವಾಗಲೂ ಕುತೂಹಲ. ಕನ್ನಡದ ತುಂಗಾ ಫಾಂಟ್‌ಗೆ ನದಿಯ ಹೆಸರಿದೆ. ಬಾಸ್ಕರ್‌ವಿಲ್ ಎಂಬುದು ಒಬ್ಬ ಮನುಷ್ಯನ ಹೆಸರು.

ಜಾನ್ ಬಾಸ್ಕರ್‌ವಿಲ್ 18ನೇ ಶತಮಾನದ ಇಂಗ್ಲೆಂಡಿನವರು. ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಅಂದವಾದ ಬರವಣಿಗೆ ಕಲಿಸುತ್ತಿದ್ದರು. ಸಮಾಧಿ ಕಲ್ಲುಗಳ ಮೇಲೆ ಅಕ್ಷರ ಕೆತ್ತುತ್ತಿದ್ದರು. ಮುಂದೆ ಮೆರುಗೆಣ್ಣೆ ಬಳಿದ ವಸ್ತುಗಳ ವ್ಯಾಪಾರದಲ್ಲಿ ಹಣ ಗಳಿಸಿ, 1750ರ ಸುಮಾರಿಗೆ ಅದನ್ನು ಅಚ್ಚಿನ ಕೆಲಸಕ್ಕೆ ಸುರಿದರು. ಅಕ್ಷರದ ರೂಪ ಅವರದು. ಅದನ್ನು ಉಕ್ಕಿನಲ್ಲಿ ಕೆತ್ತಿದವರು ಜಾನ್ ಹ್ಯಾಂಡಿ. ನುಣುಪಾದ ಕಾಗದ, ಕಡುಗಪ್ಪು ಶಾಯಿ ಎರಡನ್ನೂ ತಾವೇ ಮುಂದೆ ನಿಂತು ಸಿದ್ಧಪಡಿಸಿದರು. ಅವರ ಮೊದಲ ಪುಸ್ತಕ, ಲ್ಯಾಟಿನ್ ಕವಿ ವರ್ಜಿಲ್‌ನ ಕಾವ್ಯ, 1757ರಲ್ಲಿ ಹೊರಬಂತು.

ಮೆಚ್ಚಿದವರ ಜೊತೆಗೆ ಟೀಕಿಸಿದವರೂ ಇದ್ದರು. ಗೆರೆಗಳು ಬಹಳ ತೆಳು, ಇದನ್ನು ಓದಿದರೆ ಕಣ್ಣು ಹೋಗುತ್ತದೆ ಎಂದರು. ಆಗ ಲಂಡನ್ನಿನಲ್ಲಿದ್ದ ಬೆಂಜಮಿನ್ ಫ್ರಾಂಕ್ಲಿನ್, ತಾವೂ ಮುದ್ರಕರೇ, ಅಂಥ ಒಬ್ಬ ಟೀಕಾಕಾರನಿಗೆ ಒಂದು ಪರೀಕ್ಷೆ ಇಟ್ಟರು. ಎಲ್ಲರೂ ದಿನಾ ಓದುತ್ತಿದ್ದ ಕ್ಯಾಸ್ಲನ್ ಅಕ್ಷರಗಳ ಹಾಳೆ ತಂದು, ಹೆಸರಿದ್ದ ಮೇಲ್ಭಾಗ ಹರಿದು, ಇದು ಬಾಸ್ಕರ್‌ವಿಲ್ ಅಕ್ಷರ ಎಂದು ಕೊಟ್ಟರು. ಆತ ಸಾಲುಸಾಲಾಗಿ ತಪ್ಪು ತೋರಿಸಿದ. ಕಣ್ಣು ನೋಯುತ್ತಿದೆ ಎಂದೂ ದೂರಿದ! 1760ರಲ್ಲಿ ಫ್ರಾಂಕ್ಲಿನ್ ಇದನ್ನು ಬಾಸ್ಕರ್‌ವಿಲ್‌ಗೆ ಪತ್ರದಲ್ಲಿ ತಿಳಿಸಿದರು.

1775ರಲ್ಲಿ ಬಾಸ್ಕರ್‌ವಿಲ್ ತೀರಿಕೊಂಡರು. ಪತ್ನಿ ಸಾರಾ ಆ ಅಕ್ಷರಗಳನ್ನು ಫ್ರಾನ್ಸಿಗೆ ಮಾರಿದರು. ಮೂಲ ಅಚ್ಚುಗಳು 1953ರಲ್ಲಿ ಕೇಂಬ್ರಿಡ್ಜ್‌ಗೆ ಬಂದವು. ಇಂದು ಆ ರೂಪ ಲಿಬ್ರೆ ಬಾಸ್ಕರ್‌ವಿಲ್ ಎಂಬ ಹೆಸರಿನಲ್ಲಿ ಉಚಿತವಾಗಿಯೂ ಸಿಗುತ್ತದೆ.

ಫ್ರಾಂಕ್ಲಿನ್‌ರ ಪರೀಕ್ಷೆಯನ್ನು ನಾವೂ ಮಾಡಬಹುದು. ವೆಬ್ ಪುಟದ ಒಂದು ಸಾಲಿನ ಮೇಲೆ ಮೌಸಿನ ಬಲ ಬಟನ್ ಒತ್ತಿ ಇನ್‌ಸ್ಪೆಕ್ಟ್ ಆರಿಸಿ. ಫೈರ್‌ಫಾಕ್ಸ್‌ನಲ್ಲಿ ಫಾಂಟ್ಸ್ ಟ್ಯಾಬ್, ಕ್ರೋಮ್‌ನಲ್ಲಿ ಕಂಪ್ಯೂಟೆಡ್ ಟ್ಯಾಬಿನ ಕೊನೆಯ ಭಾಗ ನೋಡಿ. ಪುಟ ಮಾಡಿದವರು ಬಾಸ್ಕರ್‌ವಿಲ್ ಎಂದು ಬರೆದಿರಬಹುದು. ನಮ್ಮ ಕಂಪ್ಯೂಟರಿನಲ್ಲಿ ಅದಿಲ್ಲದಿದ್ದರೆ ಬ್ರೌಸರ್ ಬೇರೆಯದನ್ನು ತೋರಿಸುತ್ತದೆ. ನಿಜವಾಗಿ ಬಳಸಿದ ಫಾಂಟ್ ಯಾವುದೆಂದು ಅಲ್ಲಿ ತಿಳಿಯುತ್ತದೆ. ಕನ್ನಡ, ಉರ್ದು ಪುಟಗಳನ್ನೂ ಹೀಗೇ ನೋಡಿ.

ಆ ಟೀಕಾಕಾರ ಅಕ್ಷರ ನೋಡಲಿಲ್ಲ, ಹೆಸರು ಕೇಳಿದ, ಅಷ್ಟೇ. ಮನುಷ್ಯರ ವಿಷಯದಲ್ಲೂ ಹೀಗಾಗುತ್ತದೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಿಂದ ಬಂದು ಒಂದೇ ಬೆಂಚಿನಲ್ಲಿ ಕೂರುವ ನಾವು, ಹೆಸರು, ಊರು ಕೇಳಿ ಯಾರನ್ನೂ ಅಳೆಯುವುದು ಬೇಡ. ಮೊದಲು ಕಣ್ಣಿಟ್ಟು ನೋಡೋಣ, ಆಮೇಲೆ ಮಾತಾಡೋಣ.