ಲೂ ಗೆರಿಗನ ಜೀವಿತ

ಅಮೆರಿಕಾ ದೇಶದ ಬೇಸ್‌ಬಾಲ್ ಎಂಬ ಚೆಂಡಾಟದಲ್ಲಿ ಹೆಸರಾಂತ ದಾಂಡಿಗನಾದ ಲೂ ಗೆರಿಗನು ೧೯೦೩ನೆಯ ಇಸವಿ ಜೂನ್ ೧೯ರಂದು ನ್ಯೂಯಾರ್ಕ್ ಪಟ್ಟಣದಲ್ಲಿ ಬಡ ಜರ್ಮನ್ ದಂಪತಿಗಳಿಗೆ ಜನಿಸಿದನು. ನಾಲ್ವರು ಮಕ್ಕಳಲ್ಲಿ ಬದುಕಿ ಉಳಿದವನು ಇವನೊಬ್ಬನೇ. ತಾಯಿಯಾದ ಕ್ರಿಸ್ಟಿನಾ ಪರರ ಅಡಿಗೆ ಮಾಡಿ, ಬಟ್ಟೆ ಒಗೆದು ಮಗನನ್ನು ಓದಿಸಿದಳು. ಅವನು ಇಂಜಿನಿಯರನಾಗಬೇಕೆಂಬುದು ಆಕೆಯ ಹಂಬಲವಾಗಿತ್ತು. ಆದರೆ ಮನೆಯ ಕಷ್ಟವನ್ನು ಕಂಡು ಅವನು ೧೯೨೩ರಲ್ಲಿ ಕೊಲಂಬಿಯಾ ವಿಶ್ವವಿದ್ಯಾನಿಲಯವನ್ನು ಬಿಟ್ಟು, ಸಂಬಳಕ್ಕೆ ಆಡುವ ಯಾಂಕೀಸ್ ತಂಡವನ್ನು ಸೇರಿದನು.

೧೯೨೫ರ ಜೂನ್ ೧ನೆಯ ದಿನ ಮೊದಲ್ಗೊಂಡು ಒಂದು ಪಂದ್ಯವನ್ನೂ ತಪ್ಪಿಸದೆ ಅವನು ೨,೧೩೦ ಪಂದ್ಯಗಳನ್ನಾಡಿದನು. ಬೆರಳುಗಳು ಮುರಿದರೂ, ಬೆನ್ನು ನೊಂದರೂ ಅಂಗಳಕ್ಕಿಳಿದನು. ಅವನು ಗಳಿಸಿದ ಹೋಮ್‌ರನ್ನುಗಳು ೪೯೩.

೧೯೩೯ರಲ್ಲಿ ಅವನ ಕೈಕಾಲುಗಳು ಕಾರಣ ತಿಳಿಯದೆ ಕುಂದುತ್ತ ಬಂದವು. ಅವನನ್ನು ಬಿಟ್ಟುಬಿಡಲು ತಂಡದ ಮುಖ್ಯಸ್ಥನಿಗೆ ಮನಸ್ಸು ಬಾರದಿರಲು, ಮೇ ೨ರಂದು ಅವನು ತಾನೇ ಹೋಗಿ ತಂಡದ ಹಿತಕ್ಕಾಗಿ ತನ್ನ ಹೆಸರನ್ನು ತೆಗೆಯಬೇಕೆಂದು ಬೇಡಿಕೊಂಡನು. ನರಗಳನ್ನು ಕ್ಷಯಿಸುವ ಆ ವ್ಯಾಧಿಗೆ ಮದ್ದಿರಲಿಲ್ಲ. ಜುಲೈ ೪ರಂದು ಅರುವತ್ತು ಸಾವಿರಕ್ಕೂ ಮೇಲ್ಪಟ್ಟ ಜನರ ಮುಂದೆ ನಿಂತು, ತಾನು ಭಾಗ್ಯವಂತನೆಂದೇ ಹೇಳಿ, ತಂದೆತಾಯಿಗಳನ್ನೂ ಪತ್ನಿಯನ್ನೂ ಕೃತಜ್ಞತೆಯಿಂದ ಸ್ಮರಿಸಿದನು. ೧೯೪೧ರ ಜೂನ್ ೨ರಂದು ಮೃತನಾದನು.

೨,೧೩೦ರ ಆ ದಾಖಲೆಯನ್ನು ೧೯೯೫ರಲ್ಲಿ ಕ್ಯಾಲ್ ರಿಪ್ಕೆನನು ಮೀರಿದನು. ಆದರೂ ತಾನಾಗಿಯೇ ಸ್ಥಾನವನ್ನು ಬಿಟ್ಟುಕೊಟ್ಟ ಆ ಒಂದು ದಿನಕ್ಕಾಗಿ ನಾವು ಗೆರಿಗನನ್ನು ಹೆಚ್ಚಾಗಿ ಗೌರವಿಸುತ್ತೇವೆ.